ಲಿಂಗದ ಮುಂದಿನ ಚಿಕ್ಕ ಪಾತ್ರೆ

ಫೆಬ್ರವರಿ 16, ಸೋಮವಾರ. ಮಧ್ಯಾಹ್ನ

ಉಪವಾಸ ಬಿಟ್ಟೆ. ಎರಡು ಇಡ್ಲಿ. ಕಣ್ಣು ಉರೀತಿದೆ. ಈ ಸಲ ನಮ್ಮ ಭಜನೆ ಮಂಡಳಿಯ ಶಿವರಾತ್ರಿ ಜಾಗರಣೆ ಪಕ್ಕದ ರೋಡಿನ ಸೀತಾ ಮನೆ ಮಹಡಿ ಮೇಲೆ. ಸ್ವೀಟ್ ಸ್ಟಾಲ್‌ನವರು, ರಾಜಸ್ಥಾನದ ಕಡೆಯವರು. ವಿಜಯನಗರಕ್ಕೆ ಬಂದು ಎಷ್ಟೋ ವರ್ಷ ಆಯ್ತು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ.

ಪ್ರಸಾದ ಹಂಚೋ ಕೆಲಸ ನಂದು. ಬಾದಾಮಿ, ಸೋಂಪು, ಮೆಣಸು ಅರೆದು ಹಾಕಿದ ತಣ್ಣನೆ ಹಾಲು. ಠಂಡಾಯಿ ಅಂತಾರೆ. ದೊಡ್ಡ ಪಾತ್ರೆ ಬಾಗಿಲ ಹತ್ರ. ಚಿಕ್ಕದು ಲಿಂಗದ ಮುಂದೆ, ಮೇಲೆ ಬಿಲ್ವದೆಲೆ. ನೈವೇದ್ಯ ಆಗಿದ್ದು ಅದೇ ಅಲ್ವಾ... ನಮ್ಮನೆಯವರಿಗೆ ಅದನ್ನೇ ಕೊಟ್ಟೆ. ಎರಡು ಲೋಟ, ಅಷ್ಟೇ ಇದ್ದದ್ದು. ಹಸಿರಾಗಿತ್ತು. ಪಿಸ್ತಾ ಇರಬೇಕು. ನಾನು ಬೆಳಗಿನವರೆಗೂ ಬರೀ ನೀರು.

ಬೆಳಗ್ಗೆ ಇವರು ಎಂದಿನ ಹಾಗೆ ಸ್ಕೂಲ್ ಬಸ್ಸಿನ ಕೀ ದೇವರ ಫೋಟೋಗೆ ಮುಟ್ಟಿಸಿಕೊಂಡು ಹೋದರು. ವಾಪಸ್ ಬಂದು ಒಬ್ಬರೇ ನಗ್ತಾ ಕೂತರು. ರೋಡು ಎಳೆದಷ್ಟೂ ಉದ್ದ ಆಗ್ತಿತ್ತಂತೆ. ನಾಗರಭಾವಿ ಸ್ಟಾಪಲ್ಲಿ ಒಂದು ಮಗು ನಿಂತಿದ್ದರೂ ಕಾಣದೆ ಮುಂದೆ ಹೋಗಿ, ಸುತ್ತಿಕೊಂಡು ಬಂದು ಹತ್ತಿಸಿದರಂತೆ. ಇಷ್ಟು ವರ್ಷದಲ್ಲಿ ಹಾಗೆ ಆದದ್ದೇ ಇಲ್ಲ. ನಿದ್ದೆಗೆಟ್ಟಿದ್ದಕ್ಕೆ. ಮೂರು ತಟ್ಟೆ ಚಿತ್ರಾನ್ನ ತಿಂದು ಮಲಗಿದ್ದಾರೆ.

ಫೆಬ್ರವರಿ 17, ಮಂಗಳವಾರ. ಸಂಜೆ

ಸೀತಾ ಬಂದಿದ್ದಳು. ನಗು ತಡೆಯೋಕಾಗ್ತಿಲ್ಲ ಅವಳಿಗೆ. "ಆಂಟಿ, ಆ ಚಿಕ್ಕ ಪಾತ್ರೆ ಯಾರ್ ಖಾಲಿ ಮಾಡಿದ್ದು? ನಮ್ಮಣ್ಣಂದಿರು ಇನ್ನೂ ಹುಡುಕ್ತಾ ಇದಾರೆ." ಅದರಲ್ಲಿ ಭಂಗಿ ಸೊಪ್ಪು, ಅದೇ ಗಾಂಜಾ ಗಿಡದ ಎಲೆ, ಅರೆದು ಹಾಕಿದ್ದರಂತೆ. ಅವರ ಕಡೆ ಶಿವನಿಗೆ ಅದೇ ಪ್ರೀತಿಯಂತೆ. ಗೊತ್ತಿಲ್ಲ ಅಂದುಬಿಟ್ಟೆ.

ಅವಳು ಅತ್ತ ಹೋದಳು, ಇವರು ಇತ್ತ ಬಂದರು. ಗುರುವಾರ ಬೆಳಗ್ಗೆ ಸ್ಕೂಲಲ್ಲಿ ಎಲ್ಲಾ ಡ್ರೈವರ್‌ಗಳಿಗೂ ಮೂತ್ರದ ಟೆಸ್ಟ್. ಗಾಂಜಾ ಗೀಂಜಾ ಎಲ್ಲ ನೋಡ್ತಾರಂತೆ. ಸಿಕ್ಕಿದರೆ ಕೆಲಸ ಇಲ್ಲ. "ನನ್ನ ಟೆಸ್ಟ್ ಮಾಡಿದ್ರೆ ಮುದ್ದೆ, ಬಸ್ಸಾರು ಸಿಗುತ್ತೆ ಅಷ್ಟೇ" ಅಂತ ತಮಾಷೆ ಬೇರೆ. ಎಲೆ ಅಡಿಕೆ ಕೂಡ ಮುಟ್ಟದ ಮನುಷ್ಯ. ಹೇಳೋಕೆ ಅಂತ ಹೋದವಳು ಮಜ್ಜಿಗೆ ಕೊಟ್ಟು ಬಂದೆ.

ಫೆಬ್ರವರಿ 18, ಬುಧವಾರ

ಮೈಯಲ್ಲಿ ಎಷ್ಟು ದಿನ ಇರುತ್ತೆ ಅದು? ಬೆಳಗ್ಗೆಯಿಂದ ಇದೊಂದೇ.

ಎದುರು ಮನೆ ಬೋರಮ್ಮ, ಹುಣಸೆ ನೀರು ಕುಡಿಸಿದರೆ ಸಂಜೆಗೇ ಇಳಿಯುತ್ತೆ ಅಂದಳು. ಮೆಡಿಕಲ್ ಸ್ಟೋರ್‌ನವನು ಮೂರು ದಿನ ಅಂದ. ಫೋನಲ್ಲಿ ಹುಡುಕಿದರೆ ಒಂದು ತಿಂಗಳು ಅನ್ನುತ್ತೆ. ಯಾರದ್ದು ನಿಜ?

ಬಿಪಿ ನೆಪ ಮಾಡಿ ಡಾಕ್ಟರಮ್ಮನ ಹತ್ರ ಹೋದೆ. ನೆಂಟರೊಬ್ಬರಿಗೆ ಅಂದೆ. ಅವರು ನನ್ನ ಮುಖ ನೋಡಿ, ಏನೂ ಕೇಳದೆ ಹೇಳಿದರು. ಎಲ್ಲರದ್ದೂ ನಿಜವಂತೆ — ಹುಣಸೆ ನೀರು ಬಿಟ್ಟು. ಒಂದೇ ಸಲ ತಗೊಂಡವರ ಮೂತ್ರದಲ್ಲಿ ಸಾಮಾನ್ಯವಾಗಿ ಮೂರು ದಿನ, ಕೆಲವರಲ್ಲಿ ಇನ್ನೂ ಸ್ವಲ್ಪ. ದಿನಾ ತಗೊಳ್ಳೋರಲ್ಲಿ ತಿಂಗಳು, ಅದರ ಮೇಲೂ. ಕೂದಲಲ್ಲಿ ಮೂರು ತಿಂಗಳು! ಕೊಬ್ಬಿನಲ್ಲಿ ಅವಿತುಕೊಂಡು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಂತೆ.

ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕ್ತೀವಲ್ಲ. ಎಲೆ ತೆಗೆದು ಬಿಸಾಕಿದರೂ ತುಪ್ಪದಲ್ಲಿ ಘಮ ಉಳಿಯುತ್ತೆ. ಹಾಗೇ ಇರಬೇಕು. ಇವರಲ್ಲಿ ಕೊಬ್ಬೆಲ್ಲಿದೆ, ಪಕ್ಕೆಲುಬು ಎಣಿಸಬಹುದು. ನಾನು ಕುಡಿದಿದ್ದರೆ ಮುಂದಿನ ಶಿವರಾತ್ರಿವರೆಗೂ ಇರ್ತಿತ್ತೇನೋ. ಶಿವ ಕುಡಿದ ವಿಷ ಇನ್ನೂ ಕಂಠದಲ್ಲೇ ನಿಂತಿದೆ. ಎಷ್ಟು ಯುಗ ಆಯ್ತು...

ಭಾನುವಾರ ಸರಿರಾತ್ರಿ ಕುಡಿದದ್ದು. ಗುರುವಾರಕ್ಕೆ ಸರಿಯಾಗಿ ಗಡಿ ಮೇಲೆ. ನೀರು ಕುಡಿಸಿ ತೊಳೆಯೋಕಾಗಲ್ಲ ಅಂತ ಡಾಕ್ಟರಮ್ಮ ಹೇಳಿದರೂ ಮನಸ್ಸು ಕೇಳಲಿಲ್ಲ. ಮಜ್ಜಿಗೆ, ಜೀರಿಗೆ ಕಷಾಯ, ಬಾರ್ಲಿ ನೀರು. "ಏನೇ ಇದು, ಮಧ್ಯಾಹ್ನ ಎರಡೆರಡು ಕಡೆ ಬಸ್ ನಿಲ್ಲಿಸಿ ಇಳೀಬೇಕಾಯ್ತು" ಅಂತ ರೇಗಿದರು.

ಫೆಬ್ರವರಿ 19, ಗುರುವಾರ. ಬೆಳಗ್ಗೆ ಐದೂವರೆ

ಹೇಳಿಬಿಟ್ಟೆ. ದೀಪ ಹಚ್ಚಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಚಿಕ್ಕ ಪಾತ್ರೆ, ಸೀತಾ, ಮೂರು ದಿನ, ಕೂದಲು, ಕೊಬ್ಬು — ಒಂದೇ ಉಸಿರಿಗೆ. ನೀವು ಸಣ್ಣಗಿದೀರಿ, ಒಂದೇ ಸಲ ಕುಡಿದಿದ್ದು, ಬಹುಶಃ ಸಿಗಲ್ಲ ಅಂದೆ.

ಬೈತಾರೆ ಅಂದುಕೊಂಡಿದ್ದೆ. ಕಾಫಿ ಲೋಟ ಕೆಳಗಿಟ್ಟರು.

"ಸಿಕ್ಕಿಬೀಳೋದು ಎಷ್ಟು ದಿನ ಅಂತ ಊರೆಲ್ಲ ಕೇಳ್ಕೊಂಡು ಬಂದಿದೀಯ. ಅಮಲು ಎಷ್ಟು ಹೊತ್ತಿರುತ್ತೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಹೊಳೆದೇ ಇರಲಿಲ್ಲ.

"ಸೋಮವಾರ ಬಸ್ ತುಂಬ ಮಕ್ಕಳಿದ್ರು ಕಣೇ."

ನಾಗರಭಾವಿ ಸ್ಟಾಪು. ನಿಂತ ಮಗು ಕಾಣಲಿಲ್ಲ ಅಂದಿದ್ದರು. ನಾನೇ ಇಲ್ಲಿ ಬರೆದಿಟ್ಟಿದ್ದೀನಿ. ಆ ಮಗು ನಿಂತಿತ್ತು, ಸರಿ. ರಸ್ತೆಗೆ ಇಳಿದಿದ್ದರೆ?

ಇವರು ಸ್ಕೂಲಿನ ಸುಧೀಂದ್ರ ಸಾರ್‌ಗೆ ಫೋನ್ ಮಾಡಿದರು. ಬಸ್‌ಗಳನ್ನೆಲ್ಲ ನೋಡಿಕೊಳ್ಳೋರು ಅವರೇ. ಇವತ್ತು ಬೇರೆ ಡ್ರೈವರ್ ಕಳಿಸಿ ಅಂದರು. "ಟೆಸ್ಟ್‌ಗೆ ಬರ್ತೀನಿ ಸಾರ್. ಅದಕ್ಕೆ ಮೊದಲು ಸೋಮವಾರದ್ದೊಂದು ವಿಷಯ ಹೇಳೋದಿದೆ."

ಬೇರೆಯವನು ಬಂದು ಕೀ ಇಸ್ಕೊಂಡು ಹೋದ. ಇವತ್ತು ಅದನ್ನ ಫೋಟೋಗೆ ಮುಟ್ಟಿಸಲಿಲ್ಲ ಯಾರೂ.

ಆರು ಗಂಟೆ

ಟೆಸ್ಟಲ್ಲಿ ಸಿಗುತ್ತೋ ಇಲ್ಲವೋ, ಇವರಿಗೆ ಈಗ ಅದು ಮುಖ್ಯ ಅಲ್ಲವಂತೆ. "ನೀನೂ ಬಾ. ಯಾವ ಪಾತ್ರೆಯಿಂದ ಕೊಟ್ಟೆ ಅಂತ ನೀನೇ ಹೇಳ್ಬೇಕು" ಅಂದರು. ಸೀರೆ ಉಟ್ಟಾಯ್ತು. ಇವರು ಆಚೆ ಚಪ್ಪಲಿ ಹಾಕ್ಕೋತಿದ್ದಾರೆ. ಆ ಮಗುವಿನ ತಾಯಿ ಅಲ್ಲಿಗೆ ಬಂದಿದ್ದರೆ, ಇವರು ಬಾಯಿ ತೆಗೆಯೋ ಮುಂಚೆ ನಾನೇ ಹೇಳ್ತೀನಿ, ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದು ನಾನು ಅಂತ.