ಹದಿನೇಳನೆಯ ಕೆಂಪು ಚೀಟಿ

ಪೀಣ್ಯ,
೧೪–೮–೧೯೮೮

ಪ್ರೀತಿಯ ಊರ್ಮಿಳಾ,

ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು, ಅಣ್ಣನಿಗೆ ಉತ್ತರ ಬರೆಯಲೂ ಸೋಮಾರಿತನ ಎಂದು ಬೈದುಕೊಂಡಿರುತ್ತೀಯ. ಬೈಯಿ, ಆದರೆ ಪೂರ್ತಿ ಓದಿ ಬೈಯಿ.

ನೀನು ಬರೆಯುವ ಟಿ.ವಿ. ಧಾರಾವಾಹಿಯ ನಾಯಕಿ ಕಾವೇರಿ ಎರಡು ವರ್ಷದಿಂದ ಪ್ರತಿ ವಾರ ಹಿಂದಿನ ಕಾಲಕ್ಕೆ ಹೋಗಿ ಬರುತ್ತಿದ್ದಾಳೆ. ಒಂದು ಕಂತಿಗೂ ಇನ್ನೊಂದಕ್ಕೂ ತಾಳೆಯಾಗುತ್ತಿಲ್ಲವೆಂದು ಪ್ರೇಕ್ಷಕರ ಕಾಗದಗಳ ರಾಶಿ ಬಿದ್ದಿದೆ, ಈ ತಿಂಗಳೊಳಗೆ ಸರಿಪಡಿಸದಿದ್ದರೆ ಟಿ.ವಿ.ಯವರು ನಿಲ್ಲಿಸಿಬಿಡುತ್ತಾರಂತೆ ಎಂದು ನೀನು ಬರೆದಿದ್ದೆ. ತೊಂಬತ್ತು ಕಂತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ಹುಚ್ಚ ನಾನೊಬ್ಬನೇ ಅಲ್ಲವೇ? ಕಾರ್ಖಾನೆಯಲ್ಲಿ ಅಳತೆ ತಪ್ಪಿದ ಬಿಡಿಭಾಗಕ್ಕೆ ಕೆಂಪು ಚೀಟಿ ಕಟ್ಟುವವನು ನಾನು. ನಿನ್ನ ತಪ್ಪುಗಳಿಗೂ ಒಂದೊಂದು ಚೀಟಿ ಬರೆದೆ. ಹದಿನೇಳಾದವು! ನಿನ್ನ ಅತ್ತಿಗೆ ನೋಡಿ, "ರೀ, ತಂಗಿ ಕಥೇನ ಗುಜರಿಗೆ ಹಾಕ್ತೀರಾ?" ಎಂದು ರೇಗಿದಳು.

ದಾರಿ ತೋರಿಸಿದ್ದು ನಮ್ಮ ಲೇತ್ ಕೆಲಸದ ಸೊಣ್ಣಪ್ಪ. ಪೀಣ್ಯ ಊರಿನವನೇ, ಓದಿದ್ದು ನಾಲ್ಕನೇ ಕ್ಲಾಸು, ನಿನ್ನ ಒಂದು ಕಂತನ್ನೂ ಬಿಟ್ಟವನಲ್ಲ. ಊಟದ ಹೊತ್ತಿನಲ್ಲಿ ಚೀಟಿಗಳನ್ನು ನೋಡಿ ನಕ್ಕುಬಿಟ್ಟ. "ಸಾರ್, ಶಾಫ್ಟು ಒಂಚೂರು ದಪ್ಪ ಆದ್ರೆ ಬಿಸಾಕ್ತೀವಾ? ತೂತು ಒಂಚೂರು ದೊಡ್ಡದಾಗಿರೋ ಪೀಸ್ ಉಡುಕಿ ಜೋಡಿ ಮಾಡಲ್ವಾ? ಈ ಚೀಟಿಗಳ್ನೂ ಅಂಗೇ ಮಾಡಿ."

ಒಂಬತ್ತನೇ ಕಂತಿನಲ್ಲಿ ಕಾವೇರಿ ಬೀಗದಕೈಯನ್ನು ಬಾವಿಗೆ ಎಸೆದಳು. ನಲವತ್ತರಲ್ಲಿ ನೋಡಿದರೆ ಅವಳ ಸೊಂಟದಲ್ಲೇ ಇದೆ. ಅದೊಂದು ತಪ್ಪು. ಐವತ್ತೆರಡರಲ್ಲಿ ಬೆಳಿಗ್ಗೆ ತುಂಬಿದ್ದ ಅದೇ ಬಾವಿ ಸಂಜೆಗೆ ಬತ್ತಿದೆ. ಅದು ಇನ್ನೊಂದು. ಎರಡು ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಸೊಣ್ಣಪ್ಪ, "ಇವ್ಳೇ ಇಂದಕ್ಕೋಗಿ ನೀರು ಖಾಲಿ ಮಾಡ್ಸವ್ಳೆ ಸಾರ್, ಕೀ ಎತ್ಕಳಕ್ಕೆ!" ಎಂದ. ಊರ್ಮಿಳಾ, ನನ್ನ ಮೈ ಜುಮ್ಮೆಂದಿತು ಕಣೇ.

ಆಮೇಲೆ ಒಂದು ತಪ್ಪು ಇನ್ನೊಂದಕ್ಕೆ ಕಾರಣ ಹೇಳುತ್ತಲೇ ಹೋಯಿತು. ಗಂಟೆ ಹೊಡೆಯುವಷ್ಟರಲ್ಲಿ ಹದಿನಾರು ಚೀಟಿ ಎಂಟು ಜೋಡಿಯಾಗಿ ಕೂತಿದ್ದವು. ಇಪ್ಪತ್ತು ವರ್ಷ ಬೇರೆಯವರ ಕೆಲಸವನ್ನು ತಿರಸ್ಕರಿಸಿಯೇ ಸಂಬಳ ತಿಂದವನು ನಾನು. ನನ್ನ ಪುಟ್ಟ ತಂಗಿ ತನಗೇ ಗೊತ್ತಿಲ್ಲದೆ ಎಂಥದ್ದನ್ನು ಕಟ್ಟಿಬಿಟ್ಟಿದ್ದಾಳೆ ಎಂದು ಕೈಮುಗಿಯಬೇಕೆನ್ನಿಸಿತು. ಪಟ್ಟಿ ಇದರ ಜೊತೆಗಿದೆ, ತಡಮಾಡದೆ ಟಿ.ವಿ.ಯವರಿಗೆ ತಲುಪಿಸು.

ಹದಿನೇಳನೆಯದು ಮಾತ್ರ ಯಾವುದಕ್ಕೂ ಕೂಡಲಿಲ್ಲ. ಇಪ್ಪತ್ತೆರಡನೇ ಕಂತಿನಲ್ಲಿ ಕಾವೇರಿಯ ತಾಯಿ ಮೂರು ದಿನ ಮಗಳ ಹೆಸರು ಹೇಳುತ್ತಾ ಮಲಗಿದ್ದು ಸಾಯುತ್ತಾಳೆ. ಎಪ್ಪತ್ತೊಂದರಲ್ಲಿ ಅದೇ ತಾಯಿ ಕಾಫಿ ಲೋಟ ಹಿಡಿದು ಕೂತಲ್ಲೇ ಹೋಗಿಬಿಡುತ್ತಾಳೆ. ಸೊಣ್ಣಪ್ಪ ತಲೆ ಕೆರೆದುಕೊಂಡು, "ಇದ್ರಾಗೆ ಒಂದು ಸುಳ್ಳೇ ಸಾರ್, ಜೋಡಿ ಆಗಾಕಿಲ್ಲ" ಎಂದ.

ಕಣ್ಣು ಕೆಡಿಸಿಕೊಂಡು ಬರೆಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಎಂದೂ ಬರಹದ ಬರ ಬಾರದಿರಲಿ.

ನಿನ್ನ ಅಣ್ಣ,
ಕೃಷ್ಣಸ್ವಾಮಿ

ತಾ.ಕ.: ಮರೆತಿದ್ದೆ ಎಂದು ಇಲ್ಲಿ ಬರೆದರೆ ಅದೂ ಸುಳ್ಳಾಗುತ್ತದೆ. ನಮ್ಮ ಅಮ್ಮ ಕೂತಲ್ಲೇ ಹೋದಳು ಎಂದು ನಿನಗೆ ಹೇಳಿದವನು ನಾನು. ಮೂರು ದಿನ ಮಲಗಿದ್ದಳು ಎಂದು ಚಿಕ್ಕಮ್ಮ ಹೇಳಿರಬೇಕು, ಅವಳು ಹೇಳಿದ್ದೇ ನಿಜ. ಧಾರವಾಡದಲ್ಲಿ ನಿನ್ನ ಕೊನೆಯ ಪರೀಕ್ಷೆ ಕೆಡಬಾರದೆಂದು, ಬರೆದ ಟೆಲಿಗ್ರಾಮನ್ನು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಪ್ರತಿ ಬಸ್ಸಿನ ಸದ್ದಿಗೂ ಅಮ್ಮ, "ಊರ್ಮಿ ಬಂದ್ಲೇನೋ?" ಎಂದು ಕೇಳುತ್ತಿದ್ದಳು. ನಾನು, "ದಾರೀಲಿದ್ದಾಳೆ ಅಮ್ಮ" ಅನ್ನುತ್ತಿದ್ದೆ.