ಬಾಗಿಲು ಹಾಕದ ದಿನ ಅವನನ್ನು ಬಿಟ್ಟಿರಿ

ಸೆರೆಮನೆ ಇಲಾಖೆಯ ಮಹಾನಿರ್ದೇಶಕರಿಗೆ,

ಮಾನ್ಯರೇ,

ಕಳೆದ ವರ್ಷ ರಂಜಾನ್ ಉಪವಾಸ ಮುಗಿದು ಬಂದ ಲೆಬರಾನ್ ಹಬ್ಬದ ಬೆಳಿಗ್ಗೆ ನೀವು ಒಬ್ಬ ಕೈದಿಯ ಉಳಿದ ಶಿಕ್ಷೆಯನ್ನು ಮಾಫಿ ಮಾಡಿ ಮನೆಗೆ ಕಳುಹಿಸಿದಿರಿ. ವಾರ ಕಳೆಯುವುದರೊಳಗೆ ಅವನು ನನ್ನ ತಂಗಿ ವಿನಾರ್ಸಿಯನ್ನು ಕೊಂದ. ಹೊರಗೆ ಬಂದರೆ ಅವನು ಯಾರನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬುದು ನಿಮಗೆ ತಿಳಿಯದ ವಿಷಯವೇ? ಅವಳನ್ನೇ ಕೊಲ್ಲಲು ಹೋಗಿ ಸಿಕ್ಕಿಬಿದ್ದದ್ದಕ್ಕಲ್ಲವೇ ಅವನು ನಿಮ್ಮ ಅತಿಥಿಯಾಗಿದ್ದದ್ದು?

ಪಾರ್ಜೊನೊ ನನ್ನ ತಂಗಿಯ ಗಂಡನಾಗಿದ್ದವನು. ಆರು ವರ್ಷದ ಹಿಂದೆ ಹುಲ್ಲು ಕೊಯ್ಯುವ ಕುಡುಗೋಲಿನಿಂದ ಅವಳ ಹೆಗಲಿಗೆ, ಕುತ್ತಿಗೆಗೆ ಹೊಡೆದ. ಪಕ್ಕದ ಮನೆಯವರು ಬಾಗಿಲು ಮುರಿದು ನುಗ್ಗಿದ್ದರಿಂದ ಅವಳು ಉಳಿದಳು. ನ್ಯಾಯಾಲಯ ಅವನಿಗೆ ಏಳು ವರ್ಷ ವಿಧಿಸಿತು. ವಿನಾರ್ಸಿ ಆ ಏಳು ವರ್ಷವನ್ನು ನಂಬಿ ಬದುಕು ಕಟ್ಟಿಕೊಂಡಳು. ವಿಚ್ಛೇದನ ಪಡೆದು ಅಮ್ಮನ ಮನೆಗೆ ಬಂದು, ಬೀದಿಗೆ ತೆರೆದುಕೊಳ್ಳುವ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಬಲಗೈಯನ್ನು ಪೂರ್ತಿ ಎತ್ತಲು ಆಗುತ್ತಿರಲಿಲ್ಲ, ಆದರೂ ನಮ್ಮ ಬೀದಿಯ ಹೆಂಗಸರ ಹಬ್ಬದ ಬಟ್ಟೆಯೆಲ್ಲ ಅವಳೇ ಹೊಲಿಯುತ್ತಿದ್ದಳು. ಅವನು ಹೊರಗೆ ಬರುವ ಹೊತ್ತಿಗೆ ಸುಮಾತ್ರಾದಲ್ಲಿರುವ ಚಿಕ್ಕಮ್ಮನ ಊರು ಸೇರಿಬಿಡಬೇಕು ಎಂದು ಅವಳ ಲೆಕ್ಕಾಚಾರ. ನಾನು ಅವಸರ ಮಾಡಿದರೆ, "ಇನ್ನೂ ಟೈಮ್ ಇದೆ ಬಿಡಕ್ಕ, ಅಮ್ಮನ್ನ ಒಪ್ಪಿಸಿ ಜೊತೇಲೇ ಕರ್ಕೊಂಡು ಹೋಗ್ತೀನಿ" ಎನ್ನುತ್ತಿದ್ದಳು. ಆ ಕಾಲವನ್ನು ನೀವು ಅವಳಿಗೊಂದು ಮಾತೂ ಹೇಳದೆ ಕತ್ತರಿಸಿಬಿಟ್ಟಿರಿ.

ಸ್ವಾತಂತ್ರ್ಯೋತ್ಸವಕ್ಕೆ ಇಷ್ಟು ತಿಂಗಳು, ಹಬ್ಬಕ್ಕೆ ಇಷ್ಟು ತಿಂಗಳು ಎಂದು ಶಿಕ್ಷೆ ಕಡಿಮೆಯಾಗುತ್ತಾ ಹೋಗುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಅವನ ನಡತೆ ಉತ್ತಮವಾಗಿತ್ತಂತೆ. ಜೈಲಿನ ಪ್ರಾರ್ಥನಾ ಮಂದಿರವನ್ನು ದಿನವೂ ಗುಡಿಸುತ್ತಿದ್ದನಂತೆ, ಯಾರೊಂದಿಗೂ ಜಗಳವಿಲ್ಲವಂತೆ, ದನಿ ಎತ್ತಿದವನೇ ಅಲ್ಲವಂತೆ. ನಾನು ಇದನ್ನು ಸುಳ್ಳು ಎನ್ನುವುದಿಲ್ಲ. ಹೊರಗಿದ್ದಾಗಲೂ ಅವನು ಗಂಡಸರ ಎದುರು ದನಿ ಎತ್ತಿದವನಲ್ಲ. ಜೈಲಿನಲ್ಲಿ ಅವನಿಗೆ ಹೆಂಡತಿ ಇರಲಿಲ್ಲ ಸ್ವಾಮಿ, ನಡತೆ ಕೆಡುವುದಾದರೂ ಹೇಗೆ? ಅವನ ಸ್ವಭಾವದ ಬಗ್ಗೆ ಕಾವಲುಗಾರರನ್ನೆಲ್ಲ ಕೇಳಿದ ನಿಮಗೆ, ಅವನ ಕುಡುಗೋಲಿನ ಏಟು ತಿಂದವಳನ್ನು ಒಂದು ಸಲ ಕೇಳಬೇಕು ಅನ್ನಿಸಲಿಲ್ಲವೇ?

ಅದಕ್ಕಿಂತ ನನಗೆ ಅರ್ಥವಾಗದ್ದು ನೀವು ಆರಿಸಿಕೊಂಡ ದಿನ. ಲೆಬರಾನ್ ದಿನ ನಮ್ಮ ಜಾವಾದ ಮನೆಗಳು ಹೇಗಿರುತ್ತವೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಿಮ್ಮ ಮನೆಯೂ ಹಾಗೇ ಇದ್ದೀತು. ಉಪವಾಸದ ತಿಂಗಳು ಮುಗಿದ ಆ ಬೆಳಿಗ್ಗೆ ಯಾರೂ ಬಾಗಿಲು ಹಾಕುವುದಿಲ್ಲ. ಯಾರು ಬಂದು ಕೈ ಚಾಚಿದರೂ ಮುಟ್ಟಬೇಕು, ಕ್ಷಮೆ ಕೇಳಿದರೆ ಕೊಡಬೇಕು. ಅಂದು ಕೊಡದವರನ್ನು ಬೀದಿ ವರ್ಷವಿಡೀ ಆಡಿಕೊಳ್ಳುತ್ತದೆ. ಆಯಿತಲ್ಲ, ಅದೇ ದಿನ ನೀವು ಅವನ ಕೈಗೆ ಬಿಡುಗಡೆಯ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡಿರಿ.

ಅವನು ಹೊಸ ಅಂಗಿ ತೊಟ್ಟು, ಬಿಸ್ಕತ್ತಿನ ಡಬ್ಬಿ ಹಿಡಿದು ಬಂದ. ಚಾಪೆಯ ಮೇಲೆ ಕೂತಿದ್ದ ನೆರೆಯವರು ಸರಿದು ದಾರಿ ಬಿಟ್ಟರು. ನೇರವಾಗಿ ಬಂದು ಅಮ್ಮನ ಮುಂದೆ ಮಂಡಿಯೂರಿ, ಅವಳ ಮಡಿಲಿಗೆ ತಲೆಯಿಟ್ಟು ಅತ್ತ. ಅಮ್ಮನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅವನ ತಲೆಯ ಮೇಲೆ ಇಳಿಯಿತು. ಅಡುಗೆಮನೆಯಲ್ಲಿ ವಿನಾರ್ಸಿ ನನ್ನ ತೋಳು ಹಿಡಿದುಕೊಂಡು, "ಅಕ್ಕ, ಇವ್ನು ತಪ್ಪಿಸ್ಕೊಂಡು ಬಂದಿದಾನಾ?" ಎಂದು ಪಿಸುಗುಟ್ಟಿದಳು. ನಾನೂ ಹಾಗೆಂದೇ ತಿಳಿದಿದ್ದೆ. ನಮ್ಮ ಬೀದಿಯ ಮುಖ್ಯಸ್ಥರಾದ ದಾರ್ಮಾಜಿಯವರು ಚಾಪೆಯ ಮೇಲಿಂದಲೇ ಕೂಗಿ ಕರೆದರು, "ಬಾರಮ್ಮ, ಹಬ್ಬದ ದಿನ ಮುಖ ತಿರುಗಿಸ್ಬಾರ್ದು." ಅವಳು ಬಂದಳು. ಎತ್ತಲಾಗದ ಆ ಕೈಯನ್ನೇ ಚಾಚಿ ಅವನ ಬೆರಳ ತುದಿ ಮುಟ್ಟಿದಳು. ಹೆಂಗಸರು ಕಣ್ಣೊರೆಸಿಕೊಂಡರು, ದಾರ್ಮಾಜಿಯವರು ದೇವರು ದೊಡ್ಡವನು ಎಂದರು.

ಚಹಾ ಕುಡಿದು ಎಲ್ಲರೂ ಎದ್ದ ಮೇಲೆ ಅವನು ತಂಗಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ಸರ್ಕಾರಾನೇ ನನ್ನ ಕ್ಷಮಿಸಿದೆ. ಇನ್ನು ನಿಂದೇನು ಹಠ? ನಡಿ ಮನೆಗೆ." ಅವಳು ಇಲ್ಲ ಎಂದಳು. ಅವನು ನಕ್ಕು, ತಾನು ತಂದಿದ್ದ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಅದನ್ನು ವಾಪಸು ತೆಗೆದುಕೊಂಡು ಹೋದ.

ಮೂರನೆಯ ದಿನ ಅಕ್ಕತಂಗಿ ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದವರು ಒರಟಾಗಿ ನಡೆದುಕೊಳ್ಳಲಿಲ್ಲ, ಕೂರಿಸಿ ಹಬ್ಬದ ತಿಂಡಿ ಕೊಟ್ಟರು. "ಬೀದಿಯೋರ ಎದುರಿಗೇ ಕೈ ಮುಟ್ಟಿ ಕ್ಷಮಿಸಿದೀಯಂತಲ್ಲಮ್ಮ. ಈಗ ಏನಂತ ಕಂಪ್ಲೇಂಟ್ ಬರ್ಕೊಳ್ಳಲಿ?" ಎಂದು ಕೇಳಿದರು. ಅಲ್ಲಿಂದ ದಾರ್ಮಾಜಿಯವರ ಹತ್ತಿರ ಹೋದರೆ ಅವರೂ ಅದನ್ನೇ ಹೇಳಿದರು, ಮುಗಿದುಹೋದದ್ದನ್ನು ಯಾಕೆ ಕೆದಕುತ್ತೀರಿ ಎಂದರು. ಮನೆಗೆ ಬರುವ ದಾರಿಯಲ್ಲಿ ವಿನಾರ್ಸಿಗೆ ನಗು ಬಂತು. "ಹಬ್ಬದಲ್ಲಿ ಆ ಕೋಳಿ ಮಾರೋ ಹೆಂಗಸ್ನೂ ಕ್ಷಮಿಸಿದೀನಕ್ಕ. ಹಂಗಂತ ನಾಳೆಯಿಂದ ಅವಳ ತಕ್ಕಡಿ ನಂಬ್ತೀನಾ?" ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಹಬ್ಬದ ಮುಂದಿನ ವಾರ ನಮ್ಮಲ್ಲಿ ಇನ್ನೊಂದು ಸಣ್ಣ ಹಬ್ಬ. ತೆಂಗಿನ ಎಳೆಗರಿಯನ್ನು ಪುಟ್ಟ ಬುಟ್ಟಿಗಳಾಗಿ ಹೆಣೆದು, ಅಕ್ಕಿ ತುಂಬಿ ಬೇಯಿಸಿ ನೆರೆಹೊರೆಗೆ ಹಂಚುತ್ತೇವೆ. ಅದರ ಹಿಂದಿನ ದಿನ ಅಮ್ಮ ಮತ್ತು ನಾನು ತೆಂಗಿನಕಾಯಿ ತರಲು ಸಂತೆಗೆ ಹೋಗಿದ್ದೆವು. ವಿನಾರ್ಸಿ ಮುಂದಿನ ಕೋಣೆಯಲ್ಲಿ ಗರಿ ಹೆಣೆಯುತ್ತಾ ಕೂತಿದ್ದಳು. ಬರುವವರು ಬರುತ್ತಲೇ ಇದ್ದ ವಾರವಾದ್ದರಿಂದ ಬಾಗಿಲು ತೆರೆದೇ ಇತ್ತು. ಅವನು ಬಂದದ್ದನ್ನು ಎದುರು ಮನೆಯವರು ನೋಡಿದ್ದಾರೆ. ಹಬ್ಬಕ್ಕೆ ಬಂದಿರಬೇಕು ಅಂದುಕೊಂಡರಂತೆ. ನಾವು ಹಿಂದಿರುಗಿದಾಗ ಅರ್ಧ ಹೆಣೆದ ಬುಟ್ಟಿ ಅವಳ ಮಡಿಲಲ್ಲೇ ಇತ್ತು. ಉಳಿದದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ, ನಿಮ್ಮ ಕಡತದಲ್ಲಿ ಎಲ್ಲ ಇದೆ.

ಈ ಸಲದ ವಿಚಾರಣೆಯಲ್ಲಿ ನ್ಯಾಯಾಧೀಶರು ತೀರ್ಪು ಓದುವಾಗ, ಶಿಕ್ಷೆಯನ್ನು ಹಗುರಗೊಳಿಸುವ ಕಾರಣಗಳಲ್ಲಿ ಒಂದನ್ನು ಹೀಗೆ ಹೇಳಿದರು: ಮೃತಳ ಕುಟುಂಬ ಆರೋಪಿಯನ್ನು ಹಬ್ಬದ ದಿನ ಕ್ಷಮಿಸಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇವತ್ತಿಗೂ ಊಟಕ್ಕೆ ಕೂತಾಗ ಆ ಕೈಯನ್ನು ನೋಡುತ್ತಾ ಇದ್ದುಬಿಡುತ್ತಾಳೆ.

ನಾನು ಬರೆದ ಮೊದಲ ಪತ್ರಕ್ಕೆ ನಿಮ್ಮ ಕಚೇರಿ ಉತ್ತರ ಕೊಟ್ಟಿದೆ. ಶಿಕ್ಷೆಯ ಕಡಿತ ಪ್ರತಿಯೊಬ್ಬ ಕೈದಿಯ ಹಕ್ಕು ಎಂದಿದ್ದೀರಿ. ಇರಲಿ, ಕರುಣೆಯೇ ಬೇಡ ಎನ್ನುವವಳು ನಾನಲ್ಲ. ಮೋಟಾರ್ ಸೈಕಲ್ ಕದ್ದು ಒಳಗೆ ಹೋಗಿದ್ದ ನಮ್ಮ ಬೀದಿಯ ತುಕಿರಾನ್ ಹೀಗೆಯೇ ಬೇಗ ಹೊರಗೆ ಬಂದ. ಈಗ ಎಲ್ಲರ ಮನೆಯ ನೀರಿನ ಪಂಪು ರಿಪೇರಿ ಮಾಡುತ್ತಾನೆ, ತಂಗಿಯ ಸಮಾಧಿ ಅಗೆಯಲು ಮೊದಲು ಬಂದವನೂ ಅವನೇ. ಅವನನ್ನು ಬಿಟ್ಟದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಆದರೆ ಕಳುವಾದ ಗಾಡಿಗೂ ಕತ್ತರಿಸಿದ ಕುತ್ತಿಗೆಗೂ ನಿಮ್ಮ ತಕ್ಕಡಿಯಲ್ಲಿ ಒಂದೇ ತೂಕವೇ? ಪಾರ್ಜೊನೊನ ಹಕ್ಕನ್ನು ಅಷ್ಟು ಶ್ರದ್ಧೆಯಿಂದ ಕಾಪಾಡಿದ ಇಲಾಖೆಯಲ್ಲಿ, ಅವಳ ಪ್ರಾಣ ಯಾರ ಮೇಜಿಗೂ ಸೇರಿದ್ದಲ್ಲವೇ?

ನಾನು ಕೇಳುವುದು ದೊಡ್ಡದೇನಲ್ಲ. ಇಂಥವನಿಗೆ ನಿಮ್ಮ ಗೇಟು ತೆಗೆಯುವ ಮೊದಲು ಒಬ್ಬ ಮನುಷ್ಯನನ್ನು ಗಾಯಗೊಂಡವರ ಮನೆಗೆ ಕಳುಹಿಸಿ. ಅವರು ಗಂಟು ಕಟ್ಟಿಕೊಂಡು ದೂರ ಹೋಗುವಷ್ಟು ಸಮಯ ಕೊಡಿ, ಅವರ ಮಾತನ್ನೂ ಕೇಳಿ ಆಮೇಲೆ ತೀರ್ಮಾನ ಮಾಡಿ. ನಾವು ಬಾಗಿಲು ಹಾಕಲಾಗದ ದಿನ ನೀವು ಬಾಗಿಲು ತೆಗೆಯಬೇಡಿ. ಪಾರ್ಜೊನೊ ಮತ್ತೆ ಪ್ರಾರ್ಥನಾ ಮಂದಿರ ಗುಡಿಸುತ್ತಿದ್ದಾನೆ ಎಂದು ಕೇಳಿದ್ದೇನೆ, ಆದ್ದರಿಂದ ತಡಮಾಡಬೇಡಿ.

ಈ ವರ್ಷದ ಲೆಬರಾನ್‌ಗೆ ನಾವು ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆವು. ಬೆಳಿಗ್ಗೆ ಯಾರೋ ಬಂದು ಬಾಗಿಲು ತಟ್ಟಿದರು. ಅಮ್ಮ ಎದ್ದು ಹೋಗಿ, ಚಿಲಕ ತೆಗೆಯದೆ, "ಯಾರು?" ಎಂದು ಕೇಳಿದಳು. ನಮ್ಮ ಬೀದಿಯಲ್ಲಿ ಹಬ್ಬದ ದಿನ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ.

ಇಂತಿ,
ನಿಮ್ಮಿಂದ ಬಿಡುಗಡೆಯ ಸುದ್ದಿ ಬಾರದೆ ಹೋದ ಮನೆಯಿಂದ,
ಸುಪ್ರಿಹಾತಿನ್,
ವಿನಾರ್ಸಿಯ ಅಕ್ಕ