ಗಾಯಕ್ಕೆ ಮುಂಚಿನ ಹೊಟ್ಟೆಯ ಫೋಟೊ

ಆರೋಗ್ಯ ಯೋಜನೆಯ ಚಿಕಿತ್ಸೆಗಳಿಗೆ ಮಂಜೂರಾತಿ ಕೊಡುವ, ಬಹುತೇಕ ಕೊಡದಿರುವ ಅಧಿಕಾರಿಗಳಿಗೆ.

ಮಾನ್ಯರೇ,

ನನ್ನ ಹೊಟ್ಟೆಯ ಮೇಲಿನ ಕಲೆ ತೆಗೆಯುವ ಶಸ್ತ್ರಚಿಕಿತ್ಸೆಗೆ ತಾವು ‘ಸೌಂದರ್ಯವರ್ಧನೆ’ ಎಂದು ಷರಾ ಬರೆದು ಅರ್ಜಿಯನ್ನು ತಳ್ಳಿಹಾಕಿದ್ದೀರಿ. ಹರಿಹರದಲ್ಲಿ ರವಿಕೆ ಹೊಲಿದು ಬದುಕುವ ನಲವತ್ತಾರರ ಹೆಂಗಸಿನ ಸೌಂದರ್ಯದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರಲ್ಲಿ ತಾವೇ ಮೊದಲಿಗರು. ಯಜಮಾನರಿಗೆ ಆದೇಶ ಓದಿ ಹೇಳಿದೆ. ಅವರಿಗೂ ಇದು ಹೊಸ ಸುದ್ದಿ.

ಕಳೆದ ವರ್ಷ ದಾವಣಗೆರೆಯಿಂದ ಲೈನಿಂಗ್ ಬಟ್ಟೆ ತರುವಾಗ, ಬಾತಿ ಹತ್ತಿರ, ಮುಂದಿದ್ದ ಲಾರಿಯಿಂದ ಚಾಚಿಕೊಂಡಿದ್ದ ಕಬ್ಬಿಣದ ಸರಳು ನಾನು ಕೂತಿದ್ದ ಆಟೊದೊಳಗೆ ನುಗ್ಗಿ ನನ್ನ ಹೊಟ್ಟೆ ಸೀಳಿತು. ಜೀವ ಉಳಿಸುವ ಅವಸರದಲ್ಲಿ ವೈದ್ಯರು ಹೊಲಿದರು. ಅವರ ಮೇಲೆ ದೂರಿಲ್ಲ, ಅವಸರದ ಹೊಲಿಗೆ ಹೇಗಿರುತ್ತದೆಂದು ನನಗೂ ಗೊತ್ತು. ಆದರೆ ಎದೆಯ ಕೆಳಗಿಂದ ಹೊಕ್ಕುಳ ದಾಟಿ ಹೋದ ಆ ಕಲೆ ಒಳಗಿನ ಸ್ನಾಯುವಿಗೆ ಅಂಟಿಕೊಂಡಿದೆ. ನೆಟ್ಟಗೆ ನಿಲ್ಲಲಾರೆ. ಬಟ್ಟೆ ಕತ್ತರಿಸಲು ಮೇಜಿನಾಚೆ ಕೈ ಚಾಚಿದರೆ ಕರುಳನ್ನೇ ಯಾರೋ ಜಗ್ಗಿದಂತಾಗುತ್ತದೆ. ಇಪ್ಪತ್ತು ವರ್ಷ ಕತ್ತರಿ ಹಿಡಿದವಳು ಈಗ ಕೂತಲ್ಲೇ ಬೇರೆಯವರ ರವಿಕೆಗಳಿಗೆ ಹುಕ್ಕು ಹಚ್ಚುತ್ತೇನೆ. ನಮಾಜು ಕೂಡ ಕುರ್ಚಿಯ ಮೇಲೆಯೇ. “ಕಲೆ ಕೊಯ್ದು ಬಿಡಿಸಿ ಹೊಟ್ಟೆ ಗೋಡೆ ಸರಿ ಮಾಡ್ಬೇಕಮ್ಮ, ಇದು ಚಂದಕ್ಕಲ್ಲ” ಎಂದ ಪ್ಲಾಸ್ಟಿಕ್ ಸರ್ಜರಿ ವೈದ್ಯರು ಅದನ್ನೇ ಬರೆದೂ ಕೊಟ್ಟರು. ತಾವು ಪೂರ್ತಿ ಓದಿದಿರೋ, ವಿಭಾಗದ ಹೆಸರು ನೋಡಿಯೇ ಮಡಿಸಿಟ್ಟಿರೋ?

ಮೇಲ್ಮನವಿ ಹಾಕಿದೆ. ಅದಕ್ಕೆ ತಮ್ಮ ಕಚೇರಿ ಕೇಳಿದ ದಾಖಲೆ: ‘ಗಾಯಕ್ಕೆ ಮುಂಚಿನ ಹೊಟ್ಟೆಯ ಛಾಯಾಚಿತ್ರ’. ಪಕ್ಕದ ಮನೆಯ ಕಮಲಕ್ಕ ಬಿದ್ದು ಬಿದ್ದು ನಕ್ಕಳು. “ಹೊಟ್ಟೆ ಫೋಟೊ ಯಾರು ತೆಗಿಸ್ಕಂತಾರೆ ನುಜತ್? ನನ್ ಮದ್ವಿ ಫೋಟೊದಾಗ ಮುಖಾನೇ ನೆಟ್ಟಗ ಬಂದಿಲ್ಲ!” ಮುಂದೊಂದು ದಿನ ಸರಳು ಚುಚ್ಚೀತೆಂದು ಯಾವ ಹೆಂಗಸು ಸ್ಟುಡಿಯೊಗೆ ಹೋಗಿ ಹೊಟ್ಟೆ ತೋರಿಸಿ ನಿಲ್ಲುತ್ತಾಳೆ? ತಮ್ಮ ಮನೆಯಲ್ಲಿ ಅಂಥ ಆಲ್ಬಂ ಇದೆಯೇ? ನನ್ನ ಬಳಿ ಇದ್ದದ್ದು ಮದುವೆಯ ಫೋಟೊ ಒಂದೇ. ದುಪಟ್ಟಾದೊಳಗೆ ಮೂಗು ಮಾತ್ರ ಕಾಣುತ್ತದೆ. ಪೆದ್ದಿ ನಾನು, ಅದನ್ನೇ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು: ‘ಸದರಿ ಛಾಯಾಚಿತ್ರದಲ್ಲಿ ಸಂಬಂಧಿತ ಭಾಗ ಸ್ಪಷ್ಟವಾಗಿಲ್ಲ.’ ಅಂದರೆ ಸಂಬಳ ಪಡೆಯುವ ಯಾರೋ ಮದುವಣಗಿತ್ತಿಯ ಫೋಟೊದಲ್ಲಿ ಹೊಟ್ಟೆ ಹುಡುಕಿದ್ದಾರೆ! ನಾಚಿಕೆಯಾಗಬೇಕಾದದ್ದು ಅವರಿಗೆ, ಆಗಿದ್ದು ನನಗೆ. ಆ ದಿನ ಅತ್ತುಬಿಟ್ಟೆ.

ಮಾನ್ಯರೇ, ಫೋಟೊ ನೋಡಿ ನಾನು ಯಾರಿಗೂ ರವಿಕೆ ಹೊಲಿದಿಲ್ಲ. ಎದುರಿಗೆ ನಿಲ್ಲಿಸಿ ಅಳತೆ ತೆಗೆಯುತ್ತೇನೆ. ತಾವೂ ಅಷ್ಟೇ ಮಾಡಿ. ಆ ಷರಾ ಹಿಂತೆಗೆದುಕೊಂಡು, ಈ ತಿಂಗಳೊಳಗೆ ಒಬ್ಬ ವೈದ್ಯೆಯಿಂದ ನನ್ನನ್ನು ಪರೀಕ್ಷೆ ಮಾಡಿಸಿ, ಮಂಜೂರಾತಿ ಕೊಡಿ. ತಾವೂ ಬನ್ನಿ, ಟೇಪು ನಾನೇ ತರುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವೆ. ನನ್ನ ತಲೆಗೂ ಗೋಡೆಗೂ ನಡುವಿನ ಅಂತರ ಅಳೆಯಿರಿ. ಕಮಲಕ್ಕ ಅಳೆದಾಗ ಒಂಬತ್ತು ಇಂಚಿತ್ತು. ನಾನು ಕೇಳುತ್ತಿರುವ ಸೌಂದರ್ಯ ಅಷ್ಟೇ.

ಇಂತಿ,
ಗೋಡೆಯಿಂದ ಇನ್ನೂ ಒಂಬತ್ತು ಇಂಚು ದೂರವಿರುವ
ನುಜತ್
ರವಿಕೆ ಹೊಲಿಯುತ್ತಿದ್ದವಳು, ಹರಿಹರ